ಹತ್ತಡಿ ಕೋಲು

ಮಿಶಿಗನ್ನಿನ ಉತ್ತರದ ತುದಿ, ಹ್ಯಾನ್‌ಕಾಕ್.
ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರ ಸಂಜೆ.
ಹಿಮ ಕಿಟಕಿಯ ಅರ್ಧಕ್ಕೆ ಬಂದು ನಿಂತು
ಒಳಗೆ ಇಣುಕುತ್ತಿದೆ.
ಮೇಜಿನ ಮೇಲೆ, ಹಳೇ ಸಾಮಾನಿನ ಮಾರಾಟದಲ್ಲಿ
ಎರಡು ಡಾಲರಿಗೆ ಸಿಕ್ಕ ಪೆಟ್ಟಿಗೆ.
ಮೂಲೆ ಬಿರಿದಿದೆ, ಮುಚ್ಚಳದ ಮೇಲಿನ ಡ್ರ್ಯಾಗನ್ನಿನ ಮೂತಿಗೆ
ಯಾರದೋ ಕಾಫಿ ಲೋಟದ ಉಂಗುರ.

ಎರಡು ತೆಳು ಪುಸ್ತಕ, ತುಕ್ಕು ಹಿಡಿದ ಪಿನ್ನು.
ಆರು ದಾಳ. ಮೈಮೇಲೆ ಅಂಕಿಯ ತಗ್ಗುಂಟು, ಬಣ್ಣವಿಲ್ಲ.
ಜೊತೆಗೊಂದು ಮೇಣದ ಕಡ್ಡಿ, ಉಗುರಿನಷ್ಟು ಉಳಿದದ್ದು.
ತಿಕ್ಕಿ ತುಂಬಿಕೊಳ್ಳಿ, ಒರೆಸಿ, ಅಂತ ಮೊದಲ ಪುಟದ ಅಪ್ಪಣೆ.
ಹಾಗಾಗಿ ಯುದ್ಧಕ್ಕೆ ಮೊದಲು, ಮಂತ್ರಕ್ಕೆ ಮೊದಲು,
ನಾಲ್ಕು ಜನ ತಲೆ ಬಗ್ಗಿಸಿ ಕೂತು
ದಾಳಗಳಿಗೆ ಕಣ್ಣು ಬರೆದೆವು.

ನಿಯಮ ಓದುವವಳು ನಾನು.
ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೈ,
ಕ್ರಮ ತಪ್ಪಿದ್ದು ಕಂಡರೆ ತುರಿಸುತ್ತದೆ.
ಇದರಲ್ಲಿ ಹದಿನೆಂಟನೇ ಪುಟ ಆಡಿದ ಮಾತನ್ನು
ಇಪ್ಪತ್ತಾರನೇ ಪುಟ ನುಂಗಿಕೊಳ್ಳುತ್ತದೆ.
ಕವಚದ ಅಂಕಿ ಇಳಿದಷ್ಟೂ ಕವಚ ಗಟ್ಟಿಯಂತೆ.
"ಇದ್ಯಾವ ಸೀಮೆ ಲೆಕ್ಕ?" ಅಂದಳು ಬೇಕರಿಯ ಕಾರ್ಲೀನ್.
ಹಿಮ ತಳ್ಳುವ ಲಾರಿಯ ಡ್ವೇನ್ ತಲೆ ಎತ್ತಲಿಲ್ಲ.
"ನಮ್ಮ ಇಲಾಖೇಲೂ ಹಂಗೇ.
ಒಂದನೇ ನಂಬರು ರಸ್ತೆ ಅಂದ್ರೆ ನುಣುಪು,
ಒಂಬತ್ತು ಅಂದ್ರೆ ಹೊಂಡ."
ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಮೂರು ದಾಳ ಉರುಳಿಸಿ,
ಬಿದ್ದದ್ದನ್ನು ಬಿದ್ದ ಸಾಲಿನಲ್ಲೇ ಬರೆದುಕೊಳ್ಳಬೇಕು;
ಅದಲು ಬದಲು ಇಲ್ಲ, ಅಳು ಇಲ್ಲ.
ಮಾಂತ್ರಿಕಳಾಗಲೆಂದೇ ಟೋಪಿ ಹೊಲಿಸಿಕೊಂಡು ಬಂದ
ಹದಿನಾಲ್ಕರ ಸಿಗ್ನೆಗೆ ಬುದ್ಧಿ ಆರು, ತೋಳ್ಬಲ ಹದಿನೇಳು.
ಟೋಪಿಯನ್ನು ಮಡಚಿ ತೊಡೆಯ ಮೇಲಿಟ್ಟು
ಕತ್ತಿ ಬರೆದುಕೊಂಡಳು.
ಮಾಂತ್ರಿಕನಾದದ್ದು ಡ್ವೇನ್.
ದಿನಕ್ಕೊಂದು ಮಂತ್ರ. ಜೀವ, ಎರಡೇ ಅಂಕ.
"ನಮ್ಮನೆ ಬೆಕ್ಕಿಗೇ ಒಂಬತ್ತಿದೆ" ಅಂದ.

ಆಮೇಲೆ ಸಂತೆ.
ದೀವಟಿಗೆ ಆರು, ಹಗ್ಗ ಐವತ್ತಡಿ, ಒಂದು ವಾರದ ಒಣ ಬುತ್ತಿ,
ಮತ್ತೆ ಪಟ್ಟಿಯ ನಡುವೆ, ಯಾವ ವಿವರಣೆಯೂ ಇಲ್ಲದೆ,
ಹತ್ತಡಿ ಕೋಲು.
"ಅದ್ಯಾಕೆ?" ಸಿಗ್ನೆ ಕೇಳಿದಳು.
ಪುಸ್ತಕ ತಿರುವಿದೆ. ಬೆಲೆ ಇತ್ತು, ಕಾರಣ ಇರಲಿಲ್ಲ.

ಕಾಫಿ ಪಾತ್ರೆ ತೊಳೆಯುತ್ತಿದ್ದ ವಿಲ್ಹೋ,
ಎಂಬತ್ತೊಂಬತ್ತು, ಚರ್ಚಿನ ಬೀಗದ ಕೈ ಇಟ್ಟುಕೊಂಡವನು,
ನಲ್ಲಿ ನಿಲ್ಲಿಸಿದ.
"ಮೇಲಿನ ಕಲ್ಲು ತಟ್ಟಿ ನೋಡೋಕೆ.
ನಮ್ಮಪ್ಪ ದಿನಾ ತಟ್ಟಿಯೇ ಒಳಗೆ ಹೋಗ್ತಿದ್ದ.
ಗಂಟೆ ಥರ ಕೇಳಿದ್ರೆ ಹೋಗು.
ಮಡಕೆ ಥರ ಕೇಳಿದ್ರೆ
ತಿರುಗಿ ನೋಡದೆ ಬಾ."
ನಮ್ಮ ಕುರ್ಚಿಗಳ ಕೆಳಗೆ ಎಲ್ಲೋ
ಮುಚ್ಚಿಹೋದ ತಾಮ್ರದ ಗಣಿ,
ಹಂತದ ಕೆಳಗೆ ಹಂತ, ಕತ್ತಿನವರೆಗೆ ನೀರು.
ಯಾರೂ ಮಾತಾಡಲಿಲ್ಲ. ಕಾರ್ಲೀನ್ ಕೋಲು ಕೊಂಡಳು.

ಕುರ್ಚಿ ಎಳೆದುಕೊಟ್ಟೆವು. ವೀರನಾಗಲು ಒಪ್ಪಲಿಲ್ಲ.
"ದೀಪ ಹಿಡಿಯೋನಿಗೆ ಎಷ್ಟು ಕೊಡ್ತೀರಿ?"
ದಿನಕ್ಕೊಂದು ಚಿನ್ನದ ನಾಣ್ಯ.
"ಅರ್ಧ ಮುಂಗಡ. ಸತ್ರೆ ಪೂರ್ತಿ, ಮನೆಗೆ."
ಡ್ವೇನ್ ಚೌಕಾಸಿ ಮಾಡಿದ, ಸೋತ.

ಮೊದಲ ಕೋಣೆಯಲ್ಲೇ ಡ್ವೇನ್ ಸತ್ತ.
ಇಲಿ. ದೊಡ್ಡದೂ ಅಲ್ಲ.
ಐದು ನಿಮಿಷದಲ್ಲಿ, ಸತ್ತವನ ತಮ್ಮನಾಗಿ,
ಅದೇ ಚೀಲ ಹೊತ್ತುಕೊಂಡು ಬಂದ.
ಗ್ರಾಫ್ ಹಾಳೆಯ ಮೇಲೆ ಸಿಗ್ನೆಯ ಪೆನ್ಸಿಲ್
ಒಂದೊಂದೇ ಚೌಕ ದಾಟುತ್ತಿತ್ತು.
ಮೂರನೇ ದೀವಟಿಗೆ. ಹಾದಿ ಎಡಕ್ಕೆ ಹೊರಳಿತು.

"ನಿಲ್ಲಿ" ಅಂದ ವಿಲ್ಹೋ.
ಬೆರಳ ಗೆಣ್ಣಿನಿಂದ ಮೇಜು ತಟ್ಟಿದ. ಕಿವಿ ಓರೆ ಮಾಡಿದ.
ಇನ್ನೊಮ್ಮೆ ತಟ್ಟಿದ.
ಎಲ್ಲರೂ ನನ್ನ ಮುಖ ನೋಡಿದರು.

ಆ ಚಾವಣಿಯ ಬಗ್ಗೆ ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ.
ಗ್ರಂಥಾಲಯದವಳು ನಾನು, ಪುಸ್ತಕದಲ್ಲಿ ಗೀಚಿದವರಿಗೆ
ದಂಡ ಹಾಕುವವಳು.
ಪೆನ್ಸಿಲ್ ಈಸಿಕೊಂಡು
ಅಂಚಿನಲ್ಲಿ ಬರೆದೆ:
ಮಡಕೆ.